ಫಿಂಟನ್ ಮಾವನ ಬಿಸ್ಕತ್ತಿನ ಡಬ್ಬಿ

ಮುಂದಿನ ಕೋಣೆಯಲ್ಲಿ ಫಿಂಟನ್ ಮಾವನ ಶವಪೆಟ್ಟಿಗೆ ಇನ್ನೂ ತೆರೆದೇ ಇತ್ತು. ಮೂರು ಗಂಟೆಗೆ ಮುಚ್ಚಳ ಹಾಕುವವರು ಬರುತ್ತಾರೆ. ಅಷ್ಟರೊಳಗೆ ಅವನ ಬಿಸ್ಕತ್ತಿನ ಡಬ್ಬಿಯನ್ನು ಏನು ಮಾಡುವುದೆಂದು ನಾನೂ ನನ್ನ ತಮ್ಮ ಮ್ಯಾಲಕಿಯೂ ತೀರ್ಮಾನಿಸಬೇಕಿತ್ತು.

ಡಬ್ಬಿಯ ತುಂಬ ನಮ್ಮ ಹಳೆಯ ಐರಿಷ್ ನಾಣ್ಯಗಳು, ಪ್ರಾಣಿಗಳ ಅಚ್ಚು ಇರುವಂಥವು. ಕೋಳಿಯ ಪೆನ್ನಿ, ಹಂದಿಯ ಅರ್ಧ ಪೆನ್ನಿ, ಮೊಲ, ಬೇಟೆನಾಯಿ, ಹೋರಿ, ಕುದುರೆ. ಒಂದೊಂದನ್ನೂ ಮಾವ ಕಾಗದದಲ್ಲಿ ಪೊಟ್ಟಣ ಕಟ್ಟಿಟ್ಟಿದ್ದ.

"ಗಾಲ್ವೇಲಿ ಒಬ್ಬ ಇದಾನೆ ಅಕ್ಕ, ಹಳೇ ಕಾಸು ಅಂದ್ರೆ ಪ್ರಾಣ ಬಿಡ್ತಾನೆ. ಮಾರಿಬಿಡೋಣ," ಅಂದ ಮ್ಯಾಲಕಿ. ಅವನು ದನದ ಸಂತೆಯಲ್ಲಿ ಹರಾಜು ಕೂಗುವವನು. ಅವನ ಬಾಯಿ ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ. ಆ ಬಾಯಿಯೇ ಅವನ ಅನ್ನ.

ನಾನು ಒಂದು ಪೊಟ್ಟಣ ಬಿಚ್ಚಿದೆ. ಒಳಗೆ ಮಾವನ ಅಕ್ಷರದಲ್ಲಿ ನಮ್ಮೂರ ಹೆಂಗಸೊಬ್ಬಳ ಹೆಸರು: 'ಹಾನರ್, ಎಡಗಣ್ಣು.' ಇನ್ನೊಂದರಲ್ಲಿ: 'ಗಾಡಿ ಮಾರ್ಟಿ, ಕೈಬೆರಳು ಸೊಟ್ಟ.' ಮಾವನ ಎಡಗಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ, ಬೆರಳು ಕೊಕ್ಕೆಯಾಗಿದ್ದವು.

ನಮ್ಮೂರ ಸಂತರ ಬಾವಿಗೆ, ಕಾಯಿಲೆ ವಾಸಿಯಾಗಲೆಂದು ಹಾಕಿದ ಕಾಸನ್ನು ಯಾರೂ ಎತ್ತಬಾರದು. ಎತ್ತಿದರೆ ಹಾಕಿದವರ ನೋವು ಎತ್ತಿದವರಿಗೆ ದಾಟುತ್ತದೆ. ನಮ್ಮ ಕಡೆ ಕಳ್ಳರೂ ಆ ನೀರಿಗೆ ಕೈ ಹಾಕುವುದಿಲ್ಲ. ಮಾವ ಹಾಕಿದ್ದ.

ತಳದಲ್ಲಿ ಕೊನೆಯ ಪೊಟ್ಟಣ. 'ಅಟ್ರಾಕ್ಟಾ, ಏಳು ವರ್ಷ. ಮಾತು ಬರದು.' ಬೇಟೆನಾಯಿಯ ಆರು ಪೆನ್ಸ್, ಅದರ ಮೇಲೆ ಅಮ್ಮ ಸೂಜಿಯಲ್ಲಿ ಗೀರಿದ ಶಿಲುಬೆ.

ಅಟ್ರಾಕ್ಟಾ ನಾನೇ. ಏಳು ವರ್ಷದವರೆಗೆ ನಾನು ಮೂಕಿ. ಅಮ್ಮ ಬಾವಿಗೆ ಕಾಸು ಹಾಕಿಸಿದ ವಾರದಲ್ಲೇ ನನಗೆ ಮಾತು ಬಂತು. ಅದೇ ವಾರ ಮಾವನ ಮಾತು ನಿಂತಿತು. "ಬಾಯಿಗೆ ಬೀಗ ಹಾಕ್ಕೊಂಡಿದೀಯಾ ಮಾವ?" ಎಂದು ಐವತ್ತೆಂಟು ವರ್ಷ ಅಣಕಿಸಿದ್ದೇನೆ. ಪಾಪಿ ನಾನು.

"ಮಾರಿದ್ರೆ ತಗೊಂಡೋನ ಗತಿ ಏನೋ?" ಅಂದೆ.

ಮ್ಯಾಲಕಿ ಕೈಲಿದ್ದ ಪೊಟ್ಟಣವನ್ನು ಕೆಳಗಿಟ್ಟ. "ಬಾವಿಗೇ ವಾಪಸ್ ಹಾಕೋಣ."

"ಎತ್ತಿದ ಕಾಸನ್ನ ಬಾವಿ ಮತ್ತೆ ತಗೊಳಲ್ಲ. ಅಮ್ಮ ಹೇಳ್ತಿರ್ಲಿಲ್ವಾ? ಎತ್ತಿದೋನ ಜೊತೆಗೇ ಹೋಗ್ಲಿ."

"ಆಯ್ತು, ಒಪ್ಪಿದೆ." ಅಂಗೈಗೆ ಉಗಿದು, ಸಂತೆಯಲ್ಲಿ ಮಾಡುವಂತೆ ನನ್ನ ಕೈಗೆ ಫಟ್ಟನೆ ತಟ್ಟಿದ.

ಪೊಟ್ಟಣಗಳನ್ನು ಮಾವನ ಪಕ್ಕೆಗಳ ಉದ್ದಕ್ಕೂ ಇಡುತ್ತಾ ಹೋದೆವು. ನೋಡುತ್ತಿದ್ದಂತೆ ಸೊಟ್ಟ ಬೆರಳುಗಳು ನೆಟ್ಟಗಾದವು. ಎಡಗಣ್ಣಿನ ರೆಪ್ಪೆ ಮೆಲ್ಲಗೆ ಇಳಿದು ಮುಚ್ಚಿಕೊಂಡಿತು. ನನ್ನ ಪೊಟ್ಟಣವನ್ನು ಮ್ಯಾಲಕಿಯೇ ಕೊನೆಯಲ್ಲಿ ಇಟ್ಟ. ಮಾವನ ಬಾಯಿ ಮಾತ್ರ ಬಿಗಿದೇ ಇತ್ತು. ನಾನು ಅದನ್ನು ನೋಡಿದೆ, ಯಾಕೆಂದು ಯೋಚಿಸಲಿಲ್ಲ.

ಮಣ್ಣು ಮುಚ್ಚಿ ಬಂದಮೇಲೆ ಎಲ್ಲರೂ ಚಹಾ ಹಿಡಿದು ಕೂತರು. ಮಾವನ ಬಗ್ಗೆ ನಾಲ್ಕು ಮಾತಾಡಲು ಮ್ಯಾಲಕಿ ಎದ್ದ. ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ. "ಪಾಪ, ದುಃಖ," ಎಂದರು ಯಾರೋ.

ಅವನು ನನ್ನನ್ನೇ ನೋಡುತ್ತಿದ್ದ, ಕಟುಕನ ಬಾಗಿಲಲ್ಲಿ ನಿಂತ ಕರುವಿನ ಹಾಗೆ. ಜೇಬಿಗೆ ಕೈ ಹಾಕಿ ತೆಗೆದ. ಬೇಟೆನಾಯಿ, ಶಿಲುಬೆಯ ಗೀರು.

ವ್ಯಾಪಾರ ಕುದುರಿ ಕೈ ತಟ್ಟಿದಮೇಲೆ ಒಂದು ಕಾಸು ಶಕುನಕ್ಕೆಂದು ವಾಪಸ್ ಬರಬೇಕು. ಸಂತೆಯವರ ರಕ್ತದಲ್ಲೇ ಇರುವ ಪದ್ಧತಿ ಅದು. ಆ ಅಭ್ಯಾಸಬಲದಿಂದ ಈ ಪೆದ್ದ ಪೊಟ್ಟಣ ಬಿಚ್ಚಿ ನನ್ನ ಕಾಸನ್ನು ಎತ್ತಿಕೊಂಡಿದ್ದ, ಬರೀ ಕಾಗದವನ್ನು ಮಾವನಿಗೆ ಕೊಟ್ಟಿದ್ದ.

"ಕೊಡೋ ಇಲ್ಲಿ, ಕತ್ತೆ," ಅಂದೆ.

ಅವನಿಗೆ ಅರ್ಥವಾಯಿತು. ಮುಷ್ಟಿ ಬಿಗಿಹಿಡಿದು ತಲೆಯಾಡಿಸಿದ. ಕಣ್ಣಲ್ಲಿ ನೀರು. ನಾನು ಒಂದೊಂದೇ ಬೆರಳು ಬಿಡಿಸಿದೆ.

"ಅದು ನಂದು ಕಣೋ."

"ಅಕ್ಕಾ, ಬೇಡ!" ಕೋಣೆಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ. ಎಂಥ ಗಂಟಲು ನನ್ನ ತಮ್ಮನದು! ಚಹಾ ಆರೋಗತ್ತೆ, ಕುಡಿಯೋ ಅನ್ನೋಣವೆಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮ್ಯಾಲಕಿ, ನಾನು ಸತ್ತ ದಿನ ಕಾಸನ್ನು ನನ್ನ ಕೈಯಲ್ಲೇ ಇಟ್ಟು ಮುಚ್ಚಳ ಹಾಕಿಸು. ನೀನು ಯಾರ ಕೈಯನ್ನೂ ತಟ್ಟಬೇಡ.