ತಕರಾರಮ್ಮನ ಮುಖಪುಟ

"ಹೊರಟುಬಿಟ್ರಾ? ಇನ್ನೂ ಇದಾರಾ?"

ಟ್ಯಾಕ್ಸಿಯಿಂದ ಇಳಿದ ವಕೀಲೆ ಬಿಳಿ ಕೋಲಿನಿಂದ ಗೇಟನ್ನು ತಡವುತ್ತಲೇ ಕೂಗಿದಳು. ಕೋರ್ಟಿಗೆ ಹೊರಟವಳು ಅರ್ಧ ದಾರಿಯಲ್ಲಿ ತಿರುಗಿ ಬಂದಿರಬೇಕು, ಕರಿಕೋಟು ಮೈಮೇಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಸತ್ತವಳ ಅಕ್ಕ ಕೆಳಗಿಳಿದು ಬಂದಳು. ಅವಳ ಮೊಣಕೈ ಹಿಡಿದು ಎಳೆಯಹೋದವಳು, ತಂಗಿ ಎಷ್ಟೋ ಸಲ ಗದರಿದ್ದು ನೆನಪಾಗಿ, ತನ್ನ ಮೊಣಕೈಯನ್ನೇ ಅವಳ ಕೈಗೆ ಕೊಟ್ಟಳು.

"ಇದಾಳಮ್ಮ, ಒಳಗಿದಾಳೆ. ಹೊರಡೋದು ಮಧ್ಯಾಹ್ನದ ಮೇಲೆ. ಇಲ್ಲಿ ಎರಡು ಮೆಟ್ಟಿಲಿದೆ, ಹುಷಾರು."

"ಅಲ್ಲೇ ಇಟ್ಟಿರ್ತಾರೆ ಅಂದ್ಕೊಂಡು ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಹೋಗಿ ಖಾಲಿ ಕುರ್ಚಿಗಳ ಮಧ್ಯೆ ನಿಂತು ಬಂದೆ ಅಕ್ಕಾ. ಅಲ್ಲಿನ ಕಾವಲುಗಾರ ವಿಳಾಸ ಹೇಳದಿದ್ರೆ ಕೊನೇ ಸಲ ಅವರ ಕೈ ಮುಟ್ಟೋದೂ ತಪ್ಪಿಹೋಗ್ತಿತ್ತು."

"ವೆಬ್‌ಸೈಟಲ್ಲಿ ಹಾಕಿದಾರಂತಲ್ಲಮ್ಮ?"

"ಹಾಕಿದಾರೆ. ನೀವೇ ಕೇಳಿ." ವಕೀಲೆ ಫೋನನ್ನು ಎತ್ತಿ ಹಿಡಿದು ಬೆರಳು ಸರಿಸಿದಳು. ಏರಿಳಿತವಿಲ್ಲದ ದನಿಯೊಂದು "ಚಿತ್ರ" ಎಂದಿತು. ಮತ್ತೆ ಸರಿಸಿದಳು. "ಚಿತ್ರ." ಇನ್ನೊಮ್ಮೆ. "ಚಿತ್ರ."

"ಸತ್ತೋರು ಯಾರು, ಎಲ್ಲಿ, ಯಾವಾಗ, ಎಲ್ಲಾ ಆ ಚಿತ್ರದ ಒಳಗೆ. ಕಣ್ಣಿದ್ದೋರು ಓದ್ಕೋಬಹುದು. ನನಗೆ ಅದು ಬರೀ ಗೋಡೆ. ಯಾರ್ರೀ ಇದನ್ನ ಹಾಕಿದ್ದು? ಅದೂ ಇವತ್ತು? ಅದೂ ಇವರಿಗೆ?"

ಒಳಗೆ ಶವಪೆಟ್ಟಿಗೆಯ ಕಾಲಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಉದ್ದನೆಯ ಮನುಷ್ಯ ಎದ್ದು ನಿಂತ. ಜಾಲತಾಣ ವಿಭಾಗದಲ್ಲಿ ಸತ್ತವಳ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ಬಾಯಿ ಬಿಡುವುದು ಅಪರೂಪವಾದ್ದರಿಂದ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು.

"ನಾನೇ ಹಾಕಿದ್ದು," ಎಂದ.

*

ತಕರಾರಮ್ಮ ಎಂಬ ಹೆಸರು ಸತ್ತವಳಿಗೆ ಹುಟ್ಟುತ್ತಲೇ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ವಿಶ್ವವಿದ್ಯಾಲಯದ ಜಾಲತಾಣದ ಹಳೆಯ ಮುಖಪುಟವೂ ಅವಳದೇ ಕೈಕೆಲಸವಾಗಿತ್ತು. ಕುಲಪತಿಗಳು ದೀಪದ ಮುಂದೆ, ಕುಲಪತಿಗಳು ಗಿಡದ ಮುಂದೆ, ಕುಲಪತಿಗಳು ಮೈಕಿನ ಮುಂದೆ, ಹೀಗೆ ಫೋಟೋಗಳು ಒಂದರ ಹಿಂದೊಂದು ತಿರುಗುತ್ತಿದ್ದವು. ಕೆಳಗೆ ಕೆಂಪಕ್ಷರದಲ್ಲಿ 'ಹೊಸದು, ಹೊಸದು' ಎಂದು ಮಿಣುಕುತ್ತಿತ್ತು. ಅದನ್ನು ಅಕ್ಕನಿಗೆ ತೋರಿಸಿ ಬೀಗಿದ್ದಳು.

ಆ ಮುಖಪುಟದ ಮೇಲೆ ಜಗಳಕ್ಕೆ ಬಂದವಳು ಇದೇ ವಕೀಲೆ. ಆಗ ಕಾನೂನು ವಿದ್ಯಾರ್ಥಿನಿ. ಒಂದು ಬೆಳಿಗ್ಗೆ ಕೋಲು ಬಡಿಯುತ್ತಾ ವಿಭಾಗದ ಒಳಗೆ ಬಂದು, ತನ್ನ ಕಂಪ್ಯೂಟರನ್ನು ಅವಳ ಮೇಜಿನ ಮೇಲೆ ಧಪ್ಪನೆ ಇಟ್ಟಳು.

"ಇದರಲ್ಲಿ ಪರೀಕ್ಷೆ ಅರ್ಜಿ ಇದೆ. ಕೊನೇಲಿ ಮೂರು ಬಟನ್ ಇದೆ. ಮೂರನ್ನೂ ನನ್ನ ಕಂಪ್ಯೂಟರು ಬಟನ್, ಬಟನ್, ಬಟನ್ ಅಂತಲೇ ಓದುತ್ತೆ. ಮಧ್ಯದ್ದು ಒತ್ತಿದೆ. ಅದು 'ರದ್ದು ಮಾಡು' ಅಂತೆ. ಒಂದು ವರ್ಷ ಹೋಯ್ತು."

"ಯಾರನ್ನಾದ್ರೂ ಕರ್ಕೊಂಡು ಕೂತು ತುಂಬಬಹುದಿತ್ತಲ್ಲಮ್ಮ?"

"ನೀವು ನಿಮ್ಮ ಅರ್ಜಿ ತುಂಬೋಕೆ ಯಾರನ್ನ ಕರೀತೀರ ಮೇಡಂ?"

ಆ ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಓದಿ ಹೇಳುವ ತಂತ್ರಾಂಶ ಹಾಕಿಕೊಂಡು, ಪರದೆಯನ್ನು ಆರಿಸಿ, ತಾನೇ ಕಟ್ಟಿದ ಜಾಲತಾಣದೊಳಕ್ಕೆ ಕಿವಿಯೊಂದನ್ನೇ ನೆಚ್ಚಿ ಇಳಿದಳು. ಕುಲಪತಿಗಳ ಫೋಟೋಗಳನ್ನು ದಾಟುವುದೇ ಆಗಲಿಲ್ಲ. ದಾಟಿದೆ ಎನ್ನುವಷ್ಟರಲ್ಲಿ ಅವರು ಮತ್ತೆ ಮೊದಲಿನಿಂದ ತಿರುಗುತ್ತಿದ್ದರು. ಪಕ್ಕದ ಮೇಜಿನ ಮೌನಿ ನೋಡುತ್ತಿದ್ದಂತೆಯೇ ಅವಳು ಕಿವಿಗೆ ಹಾಕಿದ್ದನ್ನು ಕಿತ್ತೆಸೆದಳು.

"ಇಷ್ಟು ವರ್ಷ ಬಾಗಿಲಿಲ್ಲದ ಮನೆ ಕಟ್ಟಿ ಬಣ್ಣ ಬಳೀತಾ ಕೂತಿದ್ದೆ ಕಣೋ," ಎಂದಳು. "ಬಾ, ಕೆಡವೋಣ."

*

ಕುಲಸಚಿವರು ಹೂವಿನ ದೊಡ್ಡ ಚಕ್ರದೊಂದಿಗೆ ಬಂದರು. ಅದನ್ನು ಪೆಟ್ಟಿಗೆಗೆ ಒರಗಿಸಿ, ತಲೆ ಬಾಗಿಸಿ, ಅಕ್ಕನ ಕಡೆ ತಿರುಗಿದರು.

"ತುಂಬಲಾರದ ನಷ್ಟ. ಭಾನುವಾರ ಬೆಳಿಗ್ಗೆ ಅಂತ ಕೇಳ್ದೆ?"

"ಹೌದು. ಬಟ್ಟೆ ಒಣಹಾಕ್ತಾ ಇದ್ದಳು. ಕ್ಲಿಪ್ಪು ಸರಿಯಾಗಿ ಕಚ್ಚಲ್ಲ ಅಂತ ಅದರ ಮೇಲೂ ತಕರಾರು. ಆಮೇಲೆ ದನಿ ಬರಲಿಲ್ಲ."

"ನಿಮ್ಮ ತಂಗಿ ಸ್ವಲ್ಪ ನೇರ ಸ್ವಭಾವ."

"ನೇರ ಏನಲ್ಲ, ಜಗಳಗಂಟಿ," ಎಂದಳು ಅಕ್ಕ. "ಮನೇಲೂ ಬಿಡ್ತಿರಲಿಲ್ಲ. ಡಬ್ಬಿಗಳಿಗೆಲ್ಲ ಹೆಸರು ಅಂಟಿಸೋಳು. ನಾನೇನು ಕುರುಡೀನಾ ಅಂದ್ರೆ, ನೀನು ಕನ್ನಡಕ ಎಲ್ಲಿಟ್ಟಿದೀಯ ಹೇಳು ಅನ್ನೋಳು."

ಕುಲಸಚಿವರು ನಗಬೇಕೋ ಬೇಡವೋ ತಿಳಿಯದೆ ಮೌನಿಯ ಕಡೆ ಸರಿದರು. ದನಿ ತಗ್ಗಿಸಿದರು. "ನಾನು ಹೇಳಿದ ಹಾಗೇ ಮಾಡಿದೀರಿ, ಮುಖಪುಟ ಚೆನ್ನಾಗಿ ಬಂದಿದೆ. ಫೋಟೋಗಳೆಲ್ಲ ವಾಪಸ್ ಬಂದು ಈಗ ಸ್ವಲ್ಪ ಕಳೆ ಬಂತು. ಮೊದಲನೇದು ಅವರ ಫೋಟೋನೇ ಇರಲಿ. ವಾರ ಕಳೆದ ಮೇಲೆ ಅದನ್ನ ತೆಗೀರಿ, ಉಳಿದವು ಹಾಗೇ ತಿರುಗಲಿ. ಮುಖ್ಯಸ್ಥರ ಜಾಗಕ್ಕೆ ನಿಮ್ಮ ಹೆಸರೇ ಹೇಳಿದೀನಿ."

ಗೋಡೆಯ ಬಳಿ ಕೂತಿದ್ದ ವಕೀಲೆಯ ಕಿವಿ ಚುರುಕು. "ಅವರಿನ್ನೂ ಇಲ್ಲೇ ಇದಾರೆ ಸಾರ್," ಎಂದಳು. "ಜಾಗ ಅಷ್ಟು ಬೇಗ ಖಾಲಿ ಆಯ್ತಾ?"

ಮೌನಿಯ ಕಿವಿ ಕೆಂಪಾಗಿತ್ತು.

*

ಕೆಡವುವುದು ಸುಲಭವಾಗಿತ್ತು, ಕಟ್ಟುವುದರಲ್ಲಿ ಅವಳೇ ಮೊದಲು ಮುಗ್ಗರಿಸಿದಳು. ಹೊಸ ಅರ್ಜಿಯನ್ನು ಪರೀಕ್ಷಿಸಲು ವಿದ್ಯಾರ್ಥಿನಿಯನ್ನೇ ಕರೆಸಿ, ಪ್ರತಿ ಬಟನ್ನಿಗೂ ಹೆಸರಿಟ್ಟಿದ್ದೇನೆ ಎಂದು ಹೆಮ್ಮೆಯಿಂದ ಕೂರಿಸಿದಳು. ಹುಡುಗಿ ಸ್ವಲ್ಪ ಹೊತ್ತು ಕೇಳಿ ಗೊಳ್ಳೆಂದು ನಕ್ಕಳು.

"ಮೊದಲು ನಿಮ್ಮ ಬಟನ್ನು ಮೂಗ. ಈಗ ಭಾಷಣ ಮಾಡುತ್ತೆ ಮೇಡಂ. 'ಇಲ್ಲಿ ಒತ್ತಿದರೆ ತಮ್ಮ ಅರ್ಜಿಯು ಪರೀಕ್ಷಾ ವಿಭಾಗಕ್ಕೆ ರವಾನೆಯಾಗುತ್ತದೆ' ಅಂತೆ. 'ಕಳಿಸು' ಅಂದ್ರೆ ಸಾಲದಾ?"

ಅವಳ ಮುಖ ಸಪ್ಪಗಾಯಿತು. ಮೂರನೆಯ ದಿನ ಅಷ್ಟನ್ನೂ ಅಳಿಸಿ ಮತ್ತೆ ಮೊದಲಿನಿಂದ ಕೂತಳು. ಆಮೇಲೆ ಅವಳು ಯಾರನ್ನೂ ಬಿಡಲಿಲ್ಲ. ಕೈ ಮುರಿದುಕೊಂಡು ಮೌಸು ಹಿಡಿಯಲಾಗದ ಪ್ರಾಧ್ಯಾಪಕ, ಒಡೆದ ಹಳೇ ಫೋನಿನ ವಿದ್ಯಾರ್ಥಿ, ಅಕ್ಷರ ಕೂಡಿಸಿಕೊಂಡು ಓದುವ ತಾಯಂದಿರು, ಸಿಕ್ಕವರನ್ನೆಲ್ಲ ಎಳೆತಂದು ಪಕ್ಕದಲ್ಲಿ ಕೂರಿಸಿಕೊಂಡಳು. 'ಅಭ್ಯರ್ಥಿಗಳು ಈ ಮೂಲಕ' ಎಂದು ಶುರುವಾಗುವ ಪ್ರಕಟಣೆ ಬಂದರೆ ವಾಪಸ್ ಕಳಿಸಿ, ಮನುಷ್ಯರ ಭಾಷೆಯಲ್ಲಿ ಬರೆದು ಕೊಡಿ ಅನ್ನುತ್ತಿದ್ದಳು. ಪರೀಕ್ಷಾ ವಿಭಾಗದವರು ಹೆಸರಿಟ್ಟದ್ದು ಆಗಲೇ. ಅವಳು ಆ ಹೆಸರನ್ನು ಬಿರುದಿನ ಹಾಗೆ ಹೊದ್ದುಕೊಂಡಳು. ಫೋನ್ ಎತ್ತಿದರೆ, "ತಕರಾರಮ್ಮ ಮಾತಾಡ್ತಿರೋದು, ಹೇಳಿ."

ಹೊಸ ಮುಖಪುಟಕ್ಕೆ ಒಪ್ಪಿಗೆ ಕೇಳುವ ಸಭೆಯಲ್ಲಿ, ಆಗಿನ್ನೂ ಉಪಕುಲಸಚಿವರಾಗಿದ್ದ ಇದೇ ಕುಲಸಚಿವರು ಹುಬ್ಬೇರಿಸಿದರು. "ಫೋಟೋನೇ ಇಲ್ಲ! ಅಂಗಡಿ ಮುಚ್ಚಿದ ಹಾಗಿದೆ. ಅಲ್ಲಮ್ಮ, ನಮ್ಮಲ್ಲಿ ಕಣ್ಣು ಕಾಣದವರು ಇರೋದಾದ್ರೂ ಎಷ್ಟು ಜನ?"

"ನಮ್ಮ ವೆಬ್‌ಸೈಟಿನ ಪ್ರಕಾರ ಒಬ್ಬರೂ ಇಲ್ಲ ಸಾರ್. ಬಂದೋರೆಲ್ಲ ಬಾಗಿಲು ಸಿಗದೆ ವಾಪಸ್ ಹೋಗಿದಾರೆ."

ಒಪ್ಪಿಗೆ ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಒಪ್ಪಿಗೆಯಿಲ್ಲದೆಯೇ ಹೊಸ ಮುಖಪುಟವನ್ನು ಏರಿಸಿದಳು. ಬಟನ್ನಿನ ಮೇಲೆ ಬೆರಳಿಟ್ಟಿದ್ದವನು ಮೌನಿ. "ನೀನು ಕೈ ತೆಗಿ, ನಾನೇ ಒತ್ತುತೀನಿ. ಬೈಸಿಕೊಳ್ಳೋಕೆ ಒಬ್ಬರು ಸಾಕು," ಎಂದು ಅವನನ್ನು ಪಕ್ಕಕ್ಕೆ ಸರಿಸಿದಳು. ಅವಳನ್ನು ಕಡತಗಳ ಕೋಣೆಯ ಹೊರಗಿನ ಓಣಿಯಂಥ ದಾರಿಗೆ ಎತ್ತಿಹಾಕಿದರು. ಕುರ್ಚಿ ಕೊಟ್ಟರು, ಮೇಜು ಕೊಡಲಿಲ್ಲ. ಅವಳು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೆಲಸ ಮಾಡಿದಳು. ಓಡಾಡುವವರು ಅವಳ ಕಾಲು ದಾಟಿ ಹೋಗಬೇಕಾಗುತ್ತಿತ್ತು. ಅವಳು ಕಾಲು ಮಡಚುತ್ತಿರಲಿಲ್ಲ. ಆ ಸಲದ ಪರೀಕ್ಷೆ ಅರ್ಜಿಯ ಹೊತ್ತಿಗೆ ಕೌಂಟರಿನ ಮುಂದೆ ಎಂದಿನ ನೂಕುನುಗ್ಗಲೇ ಇರಲಿಲ್ಲ. ಹಳೆಯದಕ್ಕೆ ವಾಪಸ್ ಹೋಗೋಣ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅವಳ ಮೇಜು ಸದ್ದಿಲ್ಲದೆ ವಾಪಸ್ ಬಂತು.

*

ಮೌನಿ ಅಡುಗೆಮನೆಗೆ ನಡೆದ. ಲೋಟ ತೊಳೆಯುತ್ತಿದ್ದ ಅಕ್ಕ ಅವನ ಕಂಕುಳಲ್ಲಿದ್ದ ಕಂಪ್ಯೂಟರನ್ನು ನೋಡಿ ಮೇಜು ಒರೆಸಿಕೊಟ್ಟಳು. ವಕೀಲೆಯೂ ಗೋಡೆ ಹಿಡಿದುಕೊಂಡು ಬಂದಳು.

ಅವನು ಮುಖಪುಟದಿಂದ ಫೋಟೋಗಳನ್ನು ಒಂದೊಂದಾಗಿ ತೆಗೆದ. ತಕರಾರಮ್ಮನದು ಕೊನೆಗೆ ಉಳಿಯಿತು. ಒಂದು ಗಳಿಗೆ ನೋಡಿ ಅದನ್ನೂ ತೆಗೆದ.

"ಏನು ಬರೀಲಿ ಅಕ್ಕಾ?"

"ಸತ್ತಳು ಅಂತ ಬರಿ. ಅಸ್ತಂಗತ, ದೈವಾಧೀನ ಅಂತೆಲ್ಲ ಬರೆದ್ರೆ ಎದ್ದು ಬಂದು ತಿದ್ದುತ್ತಾಳೆ."

ಅವನು ಬರೆದ. ವಕೀಲೆ ಫೋನಿನ ಮೇಲೆ ಬೆರಳು ಸರಿಸಿದಳು. ಏರಿಳಿತವಿಲ್ಲದ ಅದೇ ದನಿ ಅಡುಗೆಮನೆಯಲ್ಲಿ ಓದತೊಡಗಿತು: "ಈ ಜಾಲತಾಣವನ್ನು ಎಲ್ಲರಿಗೂ ತೆರೆದ ನಮ್ಮ ತಕರಾರಮ್ಮ ಭಾನುವಾರ ಸತ್ತರು. ಇವತ್ತು ಮಧ್ಯಾಹ್ನದವರೆಗೆ ಮನೆಯಲ್ಲಿರುತ್ತಾರೆ. ಮುಂಬಾಗಿಲಿಗೆ ಎರಡು ಮೆಟ್ಟಿಲಿವೆ. ಹಿಂಬಾಗಿಲಿಗೆ ಇಲ್ಲ. ವಿಳಾಸ ಕೆಳಗಿದೆ. ಬನ್ನಿ."

ಅಕ್ಕ ನಲ್ಲಿ ನಿಲ್ಲಿಸಿ ಕೇಳಿದಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಂದು ಸಲ ಓದ್ಸು," ಎಂದಳು.

"ಅವರು ಅರ್ಜಿ ಪರೀಕ್ಷಿಸೋಕೆ ಕೂರಿಸ್ತಿದ್ದ ನಮ್ಮ ಹಳೇ ಗುಂಪಿಗೆಲ್ಲ ಕಳಿಸ್ತೀನಿ," ಎಂದಳು ವಕೀಲೆ.

ಕುಲಸಚಿವರಿಗೆ ಯಾರೋ ತೋರಿಸಿರಬೇಕು. ಪೆಟ್ಟಿಗೆ ಎತ್ತುವ ಹೊತ್ತಿಗೆ ಅವರು ಫೋನ್ ಹಿಡಿದು ಮೌನಿಯ ಎದುರು ಬಂದು ನಿಂತರು. "ಏನ್ರೀ ಇದು? ತಕರಾರಮ್ಮ? ಸತ್ತರು? ಫೋಟೋಗಳೆಲ್ಲಿ?"

"ತೆಗೆದೆ ಸಾರ್."

"ಯಾರನ್ನ ಕೇಳಿ ತೆಗೆದ್ರಿ?"

"ಯಾರನ್ನೂ ಕೇಳಲಿಲ್ಲ."

"ಈಗಲೇ ವಾಪಸ್ ಹಾಕಿ."

"ಇಲ್ಲ ಸಾರ್."

ಸುತ್ತ ನಿಂತವರು ಅವನ ಬಾಯಿಂದ ಅಷ್ಟು ಗಟ್ಟಿ ಮಾತು ಕೇಳಿದ್ದು ಅದೇ ಮೊದಲು.

"ನಾಳೆ ನನ್ನ ಕೋಣೆಗೆ ಬನ್ನಿ."

"ಬರ್ತೀನಿ. ಕಡತದ ಕೋಣೆ ಹೊರಗೆ ಕುರ್ಚಿ ಹಾಕ್ಸಿದ್ರೂ ಸರಿ, ಅಲ್ಲಿಂದಲೇ ನೋಡ್ಕೋತೀನಿ. ಈಗ ಸ್ವಲ್ಪ ಪಕ್ಕಕ್ಕೆ ನಿಲ್ಲಿ ಸಾರ್, ಅವರನ್ನ ಎತ್ತಬೇಕು."

ಅವನು ಬಗ್ಗಿ ಹೆಗಲು ಕೊಟ್ಟ. ಎದುರಿನ ಬದಿಗೆ ಅಕ್ಕ ನಿಂತಳು. ಹೆಂಗಸರು ಹೊರುವುದು ಬೇಡ, ಭಾರ ಎಂದ ನೆರೆಯವನಿಗೆ, "ಇಷ್ಟು ವರ್ಷ ಇವಳನ್ನ ಹೊತ್ತಿಲ್ವಾ," ಎಂದು ಬಾಯಿ ಮುಚ್ಚಿಸಿದಳು. ವಕೀಲೆ ಪೆಟ್ಟಿಗೆಯ ಹಿಂದೆ ಅಂಗೈ ಒತ್ತಿ ನಡೆದಳು.

ಹೊರಗೆ ಓಣಿಯ ಬಾಯಿಗೆ ಕುಲಸಚಿವರ ಕಾರು ಅಡ್ಡ ನಿಂತಿತ್ತು. ಅದರ ಆಚೆ ಜನ ಸೇರತೊಡಗಿದ್ದರು. ಗಾಲಿಕುರ್ಚಿಯಲ್ಲೊಬ್ಬಳು, ಮಗನ ತೋಳು ಹಿಡಿದ ಮುದುಕನೊಬ್ಬ, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ಬಂದ ನಾಲ್ಕೈದು ಯುವಕರು. ಮುಂದಿನವನ ಬಿಳಿ ಕೋಲು ಕಾರಿನ ಬಾಗಿಲಿಗೆ ತಾಗಿತು. ಅವನು ಎಡಕ್ಕೆ ತಟ್ಟಿದ, ಬಲಕ್ಕೆ ತಟ್ಟಿದ. ದಾರಿ ಸಿಗಲಿಲ್ಲ. ಡ್ರೈವರು ಹಾರನ್ ಒತ್ತಿದ. ಯುವಕ ಅಲುಗಲಿಲ್ಲ, ಟಕ್, ಟಕ್, ಟಕ್ ಎಂದು ತಟ್ಟುತ್ತಲೇ ನಿಂತ. ಹಿಂದಿನ ಕೋಲುಗಳೂ ಸೇರಿಕೊಂಡವು. ಕಡೆಗೆ ಎಂಜಿನ್ ಶುರುವಾಯಿತು. ಹೊಳೆಯುವ ಆ ಉದ್ದನೆಯ ಕಾರು ಗೋಡೆಗೆ ತಗುಲದಂತೆ ತಡವರಿಸುತ್ತಾ, ಹಿಂದಕ್ಕೆ ಹಿಂದಕ್ಕೆ ಸರಿಯತೊಡಗಿತು.