ವನಮಾಲ ಟೀಚರ ಕಂಪ್ಯೂಟರು

ವನಮಾಲ ಟೀಚರು ಕಂಪ್ಯೂಟರಿನ ತಗಡಿನ ಡಬ್ಬಕ್ಕೆ ಕಿವಿಯಾನಿಸಿ ಕೂತಿದ್ದರು. ಅಂಧರ ಶಾಲೆಯ ಆ ಕೋಣೆಗೆ ಕಾಲಿಟ್ಟಾಗ ನನಗೆ ಮೊದಲು ಕಂಡದ್ದು ಅದೇ. ಡಬ್ಬದೊಳಗೆ ಫ್ಯಾನು ತಿರುಗುತ್ತಿತ್ತು. ಮಾತು ಮಾತ್ರ ಇಲ್ಲ.

ಯಾರೋ ಬೇಡವೆಂದು ಬಿಟ್ಟ ಹಳೇ ಕಂಪ್ಯೂಟರು ಅದು. ನನ್ನ ರಿಪೇರಿ ಅಂಗಡಿಯಲ್ಲಿ ಧೂಳು ಕೊಡವಿ, ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದುವಂತೆ ಮಾಡಿ ನಾನೇ ಕಳಿಸಿದ್ದೆ. ಹುಟ್ಟಿನಿಂದ ಕಣ್ಣಿಲ್ಲದ ಟೀಚರು ಮಕ್ಕಳಿಗೆ ಬ್ರೈಲ್ ಕಲಿಸುತ್ತಿದ್ದರು. ಅವರಿಗೆ ಬೇಕಾದ ಕಾದಂಬರಿಗಳು ಬ್ರೈಲಿಗೆ ಬಂದಿರಲಿಲ್ಲ; ಯಾರಾದರೂ ಬಿಡುವು ಮಾಡಿಕೊಂಡು ಓದಿ ಹೇಳಬೇಕಿತ್ತು. ಒಂದು ಪುಸ್ತಕವನ್ನಾದರೂ ಯಾರ ಹಂಗಿಲ್ಲದೆ ಓದಬೇಕೆಂಬುದು ಅವರ ಹಟ. ಅಂಗಡಿಯಲ್ಲಿ ಚೆನ್ನಾಗಿಯೇ ಮಾತಾಡಿದ ಯಂತ್ರ ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡಿತ್ತು.

"ಗುಜರಿಗೆ ಹಾಕ್ಬಿಡೋಣ ಸ್ವಾಮಿ. ಸುಮ್ನೆ ಕರೆಂಟ್ ದಂಡ," ಎಂದರು ವಾರ್ಡನ್ ಗುರುಸಿದ್ದಪ್ಪ.

ಸ್ಪೀಕರು ಬದಲಾಯಿಸಿದೆ. ಒಳಗಿನ ಬಿಡಿಭಾಗಗಳನ್ನು ಕಳಚಿ, ಒರೆಸಿ, ಮತ್ತೆ ಕೂರಿಸಿದೆ. ಜಪ್ಪಯ್ಯ ಅಂದರೂ ಅದು ತುಟಿಪಿಟಕ್ಕೆನ್ನಲಿಲ್ಲ. ಟೀಚರು ಮತ್ತೆ ಡಬ್ಬಕ್ಕೆ ಕಿವಿಯಾನಿಸಿದರು.

"ಕೆಟ್ಟಿಲ್ಲ ಕಣಪ್ಪ. ಸ್ವಿಚ್ ಹಾಕ್ದಾಗ ಒಳಗೆ ಏನೋ ಗುರುಗುರು ಅನ್ನುತ್ತೆ, ಆಮೇಲೆ ತಟ್ಟನೆ ನಿಲ್ಲುತ್ತೆ. ನಮ್ಮನ್ನ ಏನೋ ಕೇಳಿ, ಉತ್ತರಕ್ಕೆ ಕಾಯ್ತಿರೋ ಹಾಗಿದೆ."

ಆಗ ಹೊಳೆಯಿತು. "ಇದ್ರ ಜೊತೆ ಪರದೆ ಕಳಿಸಿದ್ನಲ್ಲ, ಎಲ್ಲಿ?"

"ಆಫೀಸಿಗೆ ಕೊಟ್ಬಿಟ್ಟೆ. ಇಲ್ಲಿ ಅದನ್ನ ನೋಡೋರ್ ಯಾರು?" ಟೀಚರು ನಕ್ಕರು.

ಅಂಧರ ಶಾಲೆಯಲ್ಲವೇ, ಪರದೆ ಇಲ್ಲದ್ದು ನನಗೂ ಸಹಜವೆನಿಸಿಬಿಟ್ಟಿತ್ತು. ಹೊತ್ತು ತಂದು ಜೋಡಿಸಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಗಡಿಯಾರದ ಸಮಯ ತಪ್ಪಿದೆ, ಮುಂದುವರಿಯಲು ಕೀಲಿಮಣೆಯ ಒಂದು ಕೀಲಿ ಒತ್ತಿ. ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಸತ್ತಿತ್ತು, ಅಷ್ಟೇ. ಅಂಗಡಿಯಲ್ಲಿ ನನ್ನ ಬೆರಳು ಅಭ್ಯಾಸಬಲದಿಂದ ಆ ಕೀಲಿ ಒತ್ತಿ ಮುಂದೆ ಹೋಗಿರಬೇಕು. ಇಲ್ಲಿ ಅದು ಇಲ್ಲದ ಪರದೆಯ ಮೇಲೆ ದಿನವೂ ಕೇಳುತ್ತಲೇ ಇತ್ತು. ಅದನ್ನು ಟೀಚರು ಬರೀ ಸದ್ದಿನಲ್ಲೇ ಹಿಡಿದಿದ್ದರು!

"ನೀವೇ ಒತ್ತಿ ಟೀಚರ್," ಎಂದು ಕೀಲಿ ತೋರಿಸಿಕೊಟ್ಟೆ. ಒತ್ತಿದರು. ಡಬ್ಬ ಗುರುಗುಟ್ಟಿತು, ಕೆಮ್ಮಿದಂತೆ ಸದ್ದು ಮಾಡಿತು, ಮಾತಾಡಿತು. ವಾರ್ಡನ್ನರು ಹತ್ತಿರ ಬಂದು ತಾವೂ ಡಬ್ಬಕ್ಕೆ ಕಿವಿಗೊಟ್ಟರು. ಟೀಚರು ಕೀಲಿಮಣೆ ತಡವುತ್ತ ಅದರೊಳಗಿನ ಒಂದು ಕಾದಂಬರಿ ತೆರೆದರು.

"ಅತ್ತೆ ಉಪ್ಪಿನಕಾಯಿ ಜಾಡಿಯನ್ನು ಎತ್ತಿ ತಂದು, ಏನೂ ಮಾತಾಡದೆ ಅವನ ಮುಂದಿಟ್ಟಳು," ಎಂದಿತು ಯಂತ್ರ. ಟೀಚರು ಅದೇ ಸಾಲನ್ನು ಮತ್ತೆ ಓದಿಸಿದರು. ಮತ್ತೂ ಒಮ್ಮೆ.

"ಸರಿಯಾಗಿ ಕೇಳಿಸ್ಲಿಲ್ವಾ?" ಎಂದೆ.

"ಕೇಳಿಸ್ತು. ಚೆನ್ನಾಗಿದೆ, ಅದಕ್ಕೆ. ಓದಿ ಹೇಳೋರ್ನ ಇನ್ನೊಂದ್ಸಲ, ಇನ್ನೊಂದ್ಸಲ ಅನ್ನಕ್ಕಾಗುತ್ತಾ? ಪಾಪ, ಅವ್ರಿಗೂ ಮನೆ ಮಠ ಇರುತ್ತೆ."

ಊಟದ ಗಂಟೆ ಹೊಡೆಯಿತು. ಮಕ್ಕಳ ಸದ್ದು ಪಡಸಾಲೆ ದಾಟಿ ಹೋಯಿತು. ಟೀಚರು ಏಳಲಿಲ್ಲ. ಅವರ ಬೆರಳು ಸಾಲನ್ನು ಹಿಂದಕ್ಕೆ ಸರಿಸಿತು, ಅತ್ತೆ ಮತ್ತೊಮ್ಮೆ ಜಾಡಿ ಎತ್ತಿ ತಂದಳು.