ತಿನ್ನದೆ ಸಹಿ ಹಾಕುವುದಿಲ್ಲ

ಬುಕರಮಾಂಗಾ ಪಟ್ಟಣದ ಒಂದು ಬೀದಿಯಲ್ಲಿ ಮೂವತ್ತು ವರ್ಷದಿಂದ ಅರೆಪಾ ರೊಟ್ಟಿ ಸುಟ್ಟು ಮಾರುತ್ತಿದ್ದವಳು ಹೆರ್ಮಿಂದಾ. ಬೂದಿನೀರಿನಲ್ಲಿ ಬೇಯಿಸಿ ಸಿಪ್ಪೆ ತೆಗೆದ ಹಳದಿ ಮೆಕ್ಕೆಜೋಳ, ಅದಕ್ಕೆ ಹುರಿದ ಹಂದಿಕೊಬ್ಬಿನ ಚೂರು, ತೆಳ್ಳಗೆ ತಟ್ಟಿದ ರೊಟ್ಟಿ. ಎದುರಿಗೆ ನೆರೆದೇಶ ವೆನೆಜುವೆಲಾದಿಂದ ಬಂದ ಸಂಸಾರವೊಂದು ಪುಟ್ಟ ಹೋಟೆಲು ತೆರೆದ ಮೇಲೆ ಅವಳ ಬುಟ್ಟಿಯಲ್ಲಿ ರೊಟ್ಟಿ ಉಳಿಯತೊಡಗಿತ್ತು. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳು. ಚೆನ್ನಾಗಿಯೇ ಉರಿದಿತ್ತು.

ಬೀದಿ ಸಂಘದ ಬೆಲಿಸಾರಿಯೊ ಒಂದು ಮಧ್ಯಾಹ್ನ ಅರ್ಜಿ ಹಿಡಿದು ಬಂದ. ಆ ಹೋಟೆಲನ್ನು ಎತ್ತಿಸಬೇಕೆಂದು ನಗರಸಭೆಗೆ ಮನವಿ.

"ನಲವತ್ತು ಸಹಿ ಬಿದ್ದಿದೆ ಅಕ್ಕಾ. ಆದ್ರೆ ಹೊಡೆತ ಬಿದ್ದಿರೋದು ನಿಮಗೆ. ನಿಮ್ಮ ಸಹಿ ಇಲ್ದಿದ್ರೆ ಈ ಕಾಗದಕ್ಕೆ ಮೂರು ಕಾಸಿನ ಬೆಲೆ ಇಲ್ಲ."

"ಅವರ ಅಡುಗೆ ಹೆಂಗಿದೆಯೋ?"

"ಥೂ, ಯಾರು ತಿಂತಾರೆ ಅದನ್ನ!"

"ತಿನ್ನದೇನೇ ನಲವತ್ತು ಜನ ಸಹಿ ಹಾಕಿದ್ರಾ? ಭಲೇ ಶೂರರು! ತಾ ಇಲ್ಲಿ. ತಿಂದು ಹೇಳ್ತೀನಿ."

ಅರ್ಜಿ ಕಿತ್ತುಕೊಂಡು, ಏಪ್ರನ್ ಕೂಡ ಬಿಚ್ಚದೆ ರಸ್ತೆ ದಾಟಿದಳು. ಬೆಲಿಸಾರಿಯೊ ಪೆನ್ನು ಹಿಡಿದು ಹಿಂದೆಯೇ ಓಡಿದ.

ಒಳಗೆ ನಾಲ್ಕೇ ಮೇಜು. ಹೋಟೆಲಿನ ಯಜಮಾನ ಕಾವಲಿಯ ಮುಂದೆ, ಅವನ ಅಮ್ಮ ಮೂಲೆಯಲ್ಲಿ ಚೀಸ್ ತುರಿಯುತ್ತಾ. ಅರ್ಜಿಯ ಸುದ್ದಿ ಅವರಿಗೂ ಗೊತ್ತಿತ್ತು. ಇಬ್ಬರ ಕೈಯೂ ನಿಂತುಹೋಯಿತು. ಸೊಸೆ ಯೊರ್ಗೆಲಿಸ್ ಕೈ ಒರೆಸಿಕೊಳ್ಳುತ್ತಾ ಬಂದಳು.

"ಬನ್ನಿ ನನ್ನ ಬಂಗಾರ, ಏನು ಕೊಡ್ಲಿ?"

ಈ ವೆನೆಜುವೆಲಾದವರು ಪೊಲೀಸನನ್ನೂ ಬಂಗಾರ ಎನ್ನುವವರು. ಹೆರ್ಮಿಂದಾಗೆ ಮೈಯೆಲ್ಲ ಉರಿಯಿತು.

"ಯಾರೇ ನಿನ್ನ ಬಂಗಾರ? ಅರೆಪಾ ತಗೊಂಬಾ."

ತಟ್ಟೆ ಬಂತು. ಅದರಲ್ಲಿ ಹಳದಿಯ ತೆಳ್ಳನೆ ರೊಟ್ಟಿ, ಹಂದಿಕೊಬ್ಬಿನ ಚೂರು. ಥೇಟ್ ಅವಳದೇ ಅರೆಪಾ!

"ಇದೇನೇ ಇದು?"

"ಇಲ್ಲಿಯವರಿಗೆ ಇದೇ ಇಷ್ಟ ಅಂತ... ನಿಮಗೋಸ್ಕರ ಮಾಡಿದ್ವಿ."

"ಇದನ್ನ ಮೂವತ್ತು ವರ್ಷದಿಂದ ಸುಡ್ತಿದೀನಿ ಕಣೇ! ಇದಕ್ಕೆ ರಸ್ತೆ ದಾಟಿ ಬರ್ಬೇಕಿತ್ತಾ? ಅಂಚು ನೋಡು, ಒಡೆದಿದೆ. ಹೆದರ್ಕೊಂಡು ತಟ್ಟಿರೋ ರೊಟ್ಟಿ. ನಿಮ್ಮನೇಲಿ ನೀವು ತಿನ್ನೋದು ಯಾವ್ದು? ಅದನ್ನ ತಾ."

ಯೊರ್ಗೆಲಿಸ್ ಕೆಂಪೇರಿದಳು. ತಲೆ ಎತ್ತಿದಳು.

"ತರ್ತೀನಿ. ನಿಮಗೆ ಹಿಡಿಸ್ಲಿ, ಬಿಡ್ಲಿ, ಅದನ್ನೇ ತರ್ತೀನಿ!"

"ಹಾಂ, ಈಗ ಬಾಯಿ ಬಂತು ನೋಡು."

ಈ ಸಲ ಬಂದದ್ದು ಬಿಳಿಯದು, ದಪ್ಪನೆಯದು, ಮಧ್ಯೆ ಸೀಳಿ ಕೋಳಿಮಾಂಸ, ಬೆಣ್ಣೆಹಣ್ಣು ತುಂಬಿದ್ದು. ಹೆರ್ಮಿಂದಾ ಚಾಕು ಎತ್ತಿಕೊಂಡಳು.

"ಅಯ್ಯಯ್ಯೋ, ಅದನ್ನ ಕೊಲ್ಬೇಡ ತಾಯಿ! ಕೈಯಲ್ಲಿ ಹಿಡಿ!" ಮೂಲೆಯಿಂದ ಮುದುಕಿ ಕೂಗಿದಳು.

ಹೆರ್ಮಿಂದಾ ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು. ರಸ ಮೊಣಕೈವರೆಗೆ ಇಳಿಯಿತು. ಅಗಿದಳು. ಮತ್ತೆ ಕಚ್ಚಿದಳು.

"ಹೆಂಗಿದೆ ಅಕ್ಕಾ?" ಬಾಗಿಲಿಂದ ಬೆಲಿಸಾರಿಯೊ ಪೆನ್ನು ಚಾಚಿದ.

"ಚೆನ್ನಾಗಿದೆ. ಹಾಳಾಗ್ಹೋಗ್ಲಿ, ತುಂಬಾನೇ ಚೆನ್ನಾಗಿದೆ! ನಾಳೆಯಿಂದ ನಾನು ಇದಕ್ಕಿಂತ ಚೆನ್ನಾಗಿ ಮಾಡ್ಬೇಕು. ಇವಳ ಜೊತೆ ನನ್ನ ಜಗಳ ಇದ್ದೇ ಇದೆ. ಅದನ್ನ ಒಲೆ ಮುಂದೆ ಆಡ್ತೀನಿ, ನಿನ್ನ ಕಾಗದದ ಮೇಲಲ್ಲ."

ಉಳಿದರ್ಧ ಅರೆಪಾವನ್ನು ಅರ್ಜಿಯ ನಡುವೆ ಇಟ್ಟು ಬಿಗಿಯಾಗಿ ಸುತ್ತಿದಳು. ನಲವತ್ತು ಸಹಿಗಳ ಮೇಲೂ ಜಿಡ್ಡು ಹರಡಿತು. ಪೊಟ್ಟಣವನ್ನು ಅವನ ಕೈಗೆ ತುರುಕಿದಳು.

"ಮೊದ್ಲು ತಿನ್ನು. ಆಮೇಲೆ ಸಹಿ ಕೇಳು, ಬಂಗಾರ."